ಎತ್ತಬೇಕಾದ ಪದ

ಹಾರ್ಮೋನಿಯಂನ ಒಂದು ಸ್ವರ ಕೆಟ್ಟಿದೆ, ಅದನ್ನು ಒತ್ತಿದಾಗಲೆಲ್ಲ ಬರೀ ಗಾಳಿ ಬರುತ್ತದೆ, ನಾದ ಬರುವುದಿಲ್ಲ, ಬೆಳಗಿನಿಂದ ಇವರು ಅದನ್ನೇ ಒತ್ತುತ್ತಿದ್ದಾರೆ, ಒಬ್ಬನಿಗಾದರೂ ಕಿವಿ ಅನ್ನುವುದಿದ್ದರೆ ತಾನೆ, ತಾಳದವನಂತೂ ಸದಾ ಅರ್ಧ ಪೆಟ್ಟು ಹಿಂದೆ, ನಿದ್ದೆಗಣ್ಣಿನಲ್ಲಿ ಸೊಳ್ಳೆ ಹೊಡೆಯುವವನ ಹಾಗೆ — ಎದ್ದು ಹೋಗಿ ಆ ತಾಳ ಕಸಿದು ಹೊರಗಿನ ಗಟಾರಕ್ಕೆ ಎಸೆದು ಬರಬೇಕು ಅನ್ನಿಸಿತು ಭುಜಂಗನಿಗೆ, ಅನ್ನಿಸಿದ ಮರುಕ್ಷಣ ನಾಚಿಕೆಯಾಯಿತು, ನಾಚಿಕೆಯಾಯಿತಲ್ಲ ಅಂತ ಮತ್ತೆ ಸಿಟ್ಟು ಬಂತು. ಎದುರಿಗೆ ಅಪ್ಪ ಕೂತಿದ್ದಾನೆ. ನಿನ್ನೆ ಸಂಜೆಯೇ ಪ್ರಾಣ ಹೋಗಿದೆ, ಆದರೂ ಕೂತಿದ್ದಾನೆ, ಈ ಜನ, ಅಂದರೆ ತನ್ನದೇ ಜನ, ಸತ್ತವರನ್ನೂ ಮಲಗಲು ಬಿಡುವುದಿಲ್ಲ, ಗೋಡೆಗೆ ಆನಿಸಿ, ಎದೆಗೆ ಧೋತರ ಸುತ್ತಿ ಹಿಂದಿನ ಕಂಬಕ್ಕೆ ಬಿಗಿದು, ಹಣೆ ತುಂಬ ವಿಭೂತಿ ಬಳಿದು, ತಲೆಗೆ ಹೊಸ ರುಮಾಲು ಸುತ್ತಿ, ಪಂಚಾಯ್ತಿಗೆ ಬಂದ ಗೌಡನ ಹಾಗೆ ಕೂರಿಸಿದ್ದಾರೆ, ಬದುಕಿದ್ದಾಗ ಹೊಳಬಸಪ್ಪ ಗೌಂಡಿಗೆ ಪುಣೆಯ ಯಾವ ಮನೆಯಲ್ಲೂ ಕೂತುಕೋ ಅಂದವರಿಲ್ಲ, ಅವನೇ ಕಟ್ಟಿದ ಮನೆಗಳಲ್ಲೂ ಇಲ್ಲ. ಪಕ್ಕದ ಓಣಿಯ ಮರಾಠಿ ಹೆಂಗಸರು ಬಾಗಿಲಲ್ಲಿ ಇಣುಕುತ್ತಾರೆ, ಬಾಯಿಗೆ ಸೆರಗು ಹಿಡಿದುಕೊಂಡು, ಅಗ ಬಾಯಿ, ಬಸವಲೇತ, ಕೂರಿಸಿದ್ದಾರಲ್ಲೇ! ನೋಡಿ, ಕಣ್ತುಂಬ ನೋಡಿ, ಟಿಕೀಟು ಇಲ್ಲ. ಪರ್ವತಿ ಗುಡ್ಡದ ಬುಡದಲ್ಲಿ ಏಪ್ರಿಲ್ ತಿಂಗಳ ಬಿಸಿಲು ತಗಡಿನ ಮೇಲೆ ಕಾಯುತ್ತಿದೆ, ಊದುಬತ್ತಿಯ ಹೊಗೆ ಮೇಲೇಳಲಾರದೆ ಅಪ್ಪನ ಮೀಸೆಯ ಹತ್ತಿರವೇ ತಿರುಗುತ್ತಿದೆ.

ಕ್ವಾಟು ತಗೀ ತಮ್ಮಾ, ಬೆವರು ಹೆಂಗ ಸುರ್ಯಾಕತ್ತದ ನೋಡು, ಅಂದಳು ಅವ್ವ. ಸಾಬವ್ವ ಅತ್ತು ಅತ್ತು ದನಿ ಕಳೆದುಕೊಂಡಿದ್ದಾಳೆ, ಆದರೂ ಮಗನ ಬೆವರು ಕಾಣುತ್ತದೆ, ಹೆತ್ತವರಿಗೆ ಹೆಗ್ಗಣ ಮುದ್ದು. ಇವನು ತೆಗೆಯಲಿಲ್ಲ. ಒಳಗಿನ ಅಂಗಿ ಹೆಗಲ ಮೇಲೆ ಹರಿದಿದೆ, ಕೆಂಪು ಕೋಟು, ಹಿತ್ತಾಳೆ ಗುಂಡಿ, ಭುಜಕ್ಕೆ ಜರಿಯ ಗೊಂಡೆ, ಶಿರೂರಿನ ಮದುವೆಯಿಂದ ಹಾಗೇ ಬಂದದ್ದು, ಬೆಳಗಿನ ಮೊದಲ ಬಸ್ಸಿನಲ್ಲಿ ಕಂಡಕ್ಟರನೂ ಹಲ್ಲು ಕಿರಿದಿದ್ದ, ಕಾಯ್ ಬ್ಯಾಂಡವಾಲೇ, ವರಾತ್ ಕುಠೇ, ದಿಬ್ಬಣ ಎಲ್ಲಿ ಅಂತ. ದಿಬ್ಬಣ ಇಲ್ಲಿದೆ ನೋಡೋ, ಹೊರಗೆ ವಿಮಾನ ಕಟ್ಟಿ ಇಟ್ಟಿದ್ದಾರೆ, ಬಿದಿರಿನ ಚಟ್ಟಕ್ಕೆ ಬಾಳೆ ಕಂಬ, ಚೆಂಡುಹೂವು, ಹೊಳಬಸಪ್ಪ ಮೊದಲ ಸಲ ಮತ್ತೊಬ್ಬರ ಹೆಗಲ ಮೇಲೆ ಕೂತು ಹೋಗುತ್ತಾನೆ. ಹೋಗಬೇಕಾದರೆ ಒಂದು ಕೆಲಸ ಬಾಕಿ ಇದೆ. ಅದು ಬಾಕಿ ಇರುವುದಕ್ಕೇ ಇಷ್ಟು ಹೊತ್ತು ಇವರು ಹಾಡಿದ್ದನ್ನೇ ಹಾಡುತ್ತ ಕೂತಿರುವುದು, ಎಲ್ಲರ ಕಣ್ಣು ಇವನ ಮೇಲೆ ಇರುವುದು. ಭಜನಾ ಮೇಳದ ಹಿರಿಯ ಹೋದರೆ, ಹೆಣ ಏಳಿಸುವಾಗ ಅವನು ಹಾಡುತ್ತಿದ್ದ ಕೊನೆಯ ಪದವನ್ನು, ಆ ಹಾಡನ್ನು, ಅವನ ಮಗನೇ ಎತ್ತಬೇಕು. ಮೊದಲ ಸಾಲನ್ನು ಮಗ ಒಬ್ಬನೇ ಹಾಡಬೇಕು, ಮಿಕ್ಕವರು ಆಮೇಲೆ ಸೇರಬೇಕು, ಆ ಸಾಲು ಏಳುವ ತನಕ ಹೆಣ ಏಳಕೂಡದು. ಸುರಪುರದ ಕಡೆಯಿಂದ ಈ ಜನ ಪುಣೆಗೆ ತಂದದ್ದು ಎರಡೇ, ಗಾರೆ ಮೆತ್ತುವ ಕರಣಿ ಮತ್ತು ಈ ಕಟ್ಟಳೆ.

ಹೊತ್ತು ನೆತ್ತಿಗಿ ಬಂತು, ಹೆಣ ಈ ಬಿಸಿಲಿಗೆ ತಡಿಯಂಗಿಲ್ಲ ಯಕ್ಕಾ, ನಾನೇ ಎತ್ತತೀನಿ, ಅಂದ ಶಂಕ್ರೆಪ್ಪ. ಇಷ್ಟು ಹೊತ್ತು ಅರ್ಧ ಪೆಟ್ಟು ಹಿಂದೆ ಬಿದ್ದಿದ್ದ ತಾಳದವನು ಅವನೇ, ಅಪ್ಪನ ಜೊತೆ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನು, ಮೇಳಕ್ಕೆ ಇನ್ನು ಮುಂದೆ ಹಿರಿಯ. ಅವ್ವ ತಲೆ ಎತ್ತಿದಳು, ಮಗ ಇರೂದ್ರಾಗ ನೀ ಯಾಕ ಎತ್ತಬೇಕೋ ಶಂಕ್ರೆಪ್ಪಾ? ಅಂವನ ಬಾಯಾಗ ಆ ಪದ ಬ್ಯಾಡ, ಅಂದ ಅವನು. ಯಾಕ ಬ್ಯಾಡ? ಬ್ಯಾಡಂದ್ರ ಬ್ಯಾಡ ಯಕ್ಕಾ, ಕೇಳಬ್ಯಾಡ. ಶಂಕ್ರೆಪ್ಪ ಇವನ ಕಡೆ ನೋಡಲಿಲ್ಲ, ಕೋಟಿನ ಗುಂಡಿ ನೋಡಿದ. ನೋಡು ಮುದುಕಾ, ನೋಡು, ನಿನಗಿಂತ ದೊಡ್ಡ ಸಭೆಯಲ್ಲಿ ಹಾಡಿದವನು ನಾನು, ನಿನಗೆ ಮೈಕು ಅಂದರೆ ಗಣಪತಿ ಪೆಂಡಾಲಿನಲ್ಲಿ ಕಳೆದುಹೋದ ಮಗುವಿನ ಹೆಸರು ಕೂಗುವ ಸಾಮಾನು, ಸಾಹೇಬರ ಪೇಟೆ, ಇಡೀ ಕ್ಯಾಂಪು, ನನ್ನ ದನಿಗೆ ಕುಣಿದಿದೆ, ನೀನು ನನಗೆ ಬೇಡ ಅನ್ನುತ್ತೀಯಾ. ಭುಜಂಗ ಹೀಗೆಲ್ಲ ಒಳಗೇ ಗುಡುಗಿದ.

ಕ್ಯಾಂಪು ಕುಣಿದದ್ದು ಸುಳ್ಳಲ್ಲ. ಆದರೆ ಎಲ್ಲಿಂದ ಎಲ್ಲಿಗೆ! ಪಾನಶೇತ ಅಣೆಕಟ್ಟು ಒಡೆದು ಹೊಳೆ ಊರೊಳಗೆ ನುಗ್ಗಿದ ಮರುವರ್ಷ, ಬಿದ್ದ ಮನೆ ಕಟ್ಟಲಿಕ್ಕೆ ಪುಣೆಗೆ ಕೈಗಳು ಬೇಕಾಗಿದ್ದವು, ಅಪ್ಪ ಅವ್ವ ಬಂದರು, ಹಿಂದೆ ಇವನು, ಒಂಬತ್ತು ವರ್ಷ, ಮುನಿಸಿಪಾಲ್ಟಿ ಶಾಲೆಯಲ್ಲಿ ಏ ಕಾನಡ್ಯಾ ಅಂದರೆ ಇವನೇ, ಬೆಂಚು ಮುರಿದರೆ ಇವನೇ, ಸೀಸದಕಡ್ಡಿ ಕಳೆದರೆ ಇವನೇ, ಇವನ ಮರಾಠಿಗೆ ಅವರು ನಗುತ್ತಿದ್ದರು, ಮನೆಗೆ ಬಂದರೆ ಇವನ ಕನ್ನಡಕ್ಕೆ ಮೇಳದವರು ನಗುತ್ತಿದ್ದರು. ಹದಿನೈದಕ್ಕೆ ಶಾಲೆ ಬಿಟ್ಟು ಅಪ್ಪನ ಕೈಕೆಳಗೆ ಕಲ್ಲು ಹೊತ್ತ. ಕ್ಯಾಂಪಿನ ಗಲ್ಲಿಯೊಂದರಲ್ಲಿ ಹಂಚು ಸೋರುತ್ತಿದ್ದ ಮನೆ, ಒಳಗೆ ಎವರಿಸ್ತೋ ಮಾಸ್ತರ, ಗೋವೆಯ ಮುದುಕ, ಒಂದು ಕಾಲದಲ್ಲಿ ಮಿಲಿಟರಿ ಬ್ಯಾಂಡಿನಲ್ಲಿದ್ದವನು, ಗೋಡೆಯ ಮೇಲೆ ಗಿಟಾರು. ಇವನು ಕದ್ದು ಮುಟ್ಟಿದ. ಮುದುಕ ಬೈಯಲಿಲ್ಲ, ಬೆರಳು ಹಿಡಿದು ನೋಡಿದ, ಅರೇ, ಇಷ್ಟು ದಪ್ಪ ಚರ್ಮ ಬರಲಿಕ್ಕೆ ನನ್ನ ಶಿಷ್ಯರಿಗೆ ಎರಡು ವರ್ಷ ಬೇಕು, ನಿನಗೆ ತಂತಿ ಕೊಯ್ಯುವುದೇ ಇಲ್ಲ, ಅಂದ. ಸುಣ್ಣ, ಇಟ್ಟಿಗೆ ಕಚ್ಚಿ ಗಟ್ಟಿಯಾದ ಬೆರಳು. ಭಾನುವಾರ ಭಾನುವಾರ ಹಂಚು ಸರಿಮಾಡಿಕೊಟ್ಟು ಪಾಠ ಹೇಳಿಸಿಕೊಂಡ, ಹಂಚು ಸರಿಯಾದ ಮೇಲೂ ಮುದುಕ ಕರೆದ. ಪುಣೆಯಲ್ಲಿ ಇವನು ದ್ವೇಷಿಸದೆ ಉಳಿದ ಒಬ್ಬನೇ ಮನುಷ್ಯ ಅವನು, ಅವನೂ ಎಪ್ಪತ್ಮೂರರಲ್ಲಿ ಸತ್ತ.

ಅಷ್ಟರಲ್ಲಿ ಸೊರಾಬ ಸಿಕ್ಕಿದ್ದ. ಪಾರ್ಸಿ ಹುಡುಗ, ಅಪ್ಪನ ಕಾರು, ಅಪ್ಪನ ಗ್ಯಾರೇಜು, ಮುಂಬಯಿಯಿಂದ ತರಿಸಿದ ಆಂಪ್ಲಿಫೈಯರು, ಆಂಪ್ಲಿಫೈಯರು ಯಾರದೋ ಅವನೇ ಲೀಡರು, ಬೀಟ್ ಗ್ರೂಪಿನ ಕಾಯಿದೆಯೇ ಹಾಗೆ. ಗ್ರೂಪಿಗೆ ದಿ ಬ್ಲ್ಯಾಕ್ ಜೀಪ್ ಅಂತ ಹೆಸರಿಟ್ಟ, ಇವನಿಗೆ ಬಾಬಿ ಅಂತ ಹೆಸರಿಟ್ಟ. ಭುಜಂಗ ಅಂದರೆ ಯಾರು ಬರುತ್ತಾರೆ ಯಾರ್, ಎಲ್ಲಿಯವನು ಅಂತ ಕೇಳಿದರೆ ಬೆಂಗಳೂರು ಕಂಟೋನ್ಮೆಂಟು ಅನ್ನು, ಅಂದ ಸೊರಾಬ. ಇವನೂ ಹಾಗೇ ಅಂದ. ಬೆಂಗಳೂರನ್ನು ಕಂಡೇ ಇಲ್ಲ, ಆದರೂ ಅಂದ, ಎಷ್ಟು ಸಲ ಅಂದನೆಂದರೆ ಅಲ್ಲಿನ ಬೀದಿಗಳ ಬಗ್ಗೆ ಕಥೆ ಕಟ್ಟುವಷ್ಟು. ಕಾಲೇಜು ಸೋಶಿಯಲ್ಲು, ಕ್ಲಬ್ಬು, ಹೋಟೆಲಿನ ಭಾನುವಾರದ ಜಾಮ್ ಸೆಶನ್ನು, ಬೆಳಿಗ್ಗೆ ಹನ್ನೊಂದಕ್ಕೆ ಶುರು, ಬೆಲ್‌ಬಾಟಮ್ಮಿನ ಹುಡುಗರು, ಕೋರೆಗಾಂವ್ ಪಾರ್ಕಿನ ಕಾವಿ ಬಟ್ಟೆಯ ಬಿಳಿಯರು, ಎಲ್ಲ ಬರುತ್ತಿದ್ದರು. ಎಲ್ಲ ಗ್ರೂಪಿನವರೂ ವಿಲಾಯತಿ ರೆಕಾರ್ಡಿನ ಹಾಡನ್ನೇ ಗಿಳಿಪಾಠ ಒಪ್ಪಿಸುತ್ತಿದ್ದರು, ನಮ್ಮದು ಅಂತ ಒಂದು ಹಾಡು ಬೇಕು ಅಂದ ಸೊರಾಬ. ಆಗ ಇವನ ಗಂಟಲಿಗೆ ಅದು ಬಂತು. ಹುಡುಕಲಿಲ್ಲ, ಅದಾಗೇ ಬಂತು, ಅಪ್ಪನ ಪದ, ಹೆಣ ಏಳಿಸುವ ಪದ, ಕಟ್ಟಿದ ಮನಿ ಬಿಟ್ಟು ಏಳೋ ಅಣ್ಣಯ್ಯಾ, ಕರಿಲಾಕ ಬಂದಾರ ಬಾಗಿಲಿಗೆ — ಆ ಏಳೋ ಅನ್ನುವಲ್ಲಿ ದನಿ ಕೆಳಗಿನಿಂದ ಒಂದೇ ಉಸಿರಿಗೆ ಮೇಲಕ್ಕೆ ಹಾರುತ್ತದಲ್ಲ, ಅಂಥದ್ದು ಯಾವ ವಿಲಾಯತಿ ಹಾಡಿನಲ್ಲೂ ಇರಲಿಲ್ಲ. ಲಯ ಎರಡರಷ್ಟು ಮಾಡಿದ, ಡ್ರಮ್ಮು ಕೂಡಿಸಿದ, ಕಮ್ ಟು ದ ಡೋರ್ ಬೇಬಿ ಅಂತ ಇಂಗ್ಲಿಷು ತುಂಬಿದ. ಗೊತ್ತಿಲ್ಲದೆ ಮಾಡಿದನೇ? ಗೊತ್ತಿದ್ದೇ ಮಾಡಿದ, ಅದರಲ್ಲೇ ಇದ್ದದ್ದು ರುಚಿ. ಇವನನ್ನು ಹಿಂಬಾಗಿಲಿನಿಂದ ಒಳಗೆ ಬಿಡುವ ಹೋಟೆಲಿನಲ್ಲಿ ಆ ಸಾಹೇಬರ ಮಕ್ಕಳು ತಂತಮ್ಮ ಹೆಣದ ಹಾಡಿಗೆ ತಾವೇ ಸೊಂಟ ಕುಣಿಸುತ್ತಿದ್ದರು, ಇವನು ಮೇಲೆ ನಿಂತು ನೋಡಿ ಒಳಗೊಳಗೇ ನಗುತ್ತಿದ್ದ. ಕುಣಿಯಿರಿ, ಕುಣಿಯಿರಿ, ಎಲ್ಲರನ್ನೂ ಒಟ್ಟಿಗೆ ಕಳಿಸುತ್ತೇನೆ. ಆ ವರ್ಷದಷ್ಟು ಸುಖ ಇವನಿಗೆ ಮತ್ತೆ ಸಿಗಲಿಲ್ಲ.

ಮುಂದಿನದನ್ನು ಹೇಳಿ ಏನು ಪ್ರಯೋಜನ, ಎಪ್ಪತ್ತಾರರಲ್ಲಿ ಮುಂಬಯಿಯಲ್ಲಿ ಆ ಹಾಡಿನ ಸಣ್ಣ ತಟ್ಟೆಯ ರೆಕಾರ್ಡು ಬಂತು, ಹೊದಿಕೆಯ ಮೇಲೆ ನಾಲ್ವರ ಫೋಟೋ, ಹಿಂದೆ ತಿರುಗಿಸಿದರೆ ಹಾಡು ಮತ್ತು ರಾಗ ಸೊರಾಬ. ಇವನ ಹೆಸರು ಬಾಬಿ ಅಂತಲೂ ಇಲ್ಲ, ಭುಜಂಗ ಅಂತಲೂ ಇಲ್ಲ. ನನ್ನ ಹಾಡು ಕದ್ದೆಯಲ್ಲೋ ಕಳ್ಳಾ ಅಂತ ಗ್ಯಾರೇಜಿನಲ್ಲೇ ಹೊಡೆದ, ಅವನ ತುಟಿ ಒಡೆಯಿತು, ಇವನ ದಾರಿ ಮುಚ್ಚಿತು, ಸೊರಾಬ ತುಟಿಗೆ ಕರ್ಚೀಫು ಒತ್ತಿಕೊಂಡು ಒಂದೇ ಮಾತು ಕೇಳಿದ್ದ, ನಿನ್ನ ಹಾಡಾ ಬಾಬಿ, ನಿನಗೆ ಎಲ್ಲಿಂದ ಬಂತು ಹೇಳು. ಹೇಳಲಿಲ್ಲ. ಹೇಗೆ ಹೇಳುತ್ತಾನೆ? ತಾ ಕಳ್ಳ ಪರರ ನಂಬ. ಸೊರಾಬ ಕೆನಡಾಕ್ಕೆ ಹೋದ, ಊರಿಗೆ ಡಿಸ್ಕೋ ಬಂತು, ಜಾಮ್ ಸೆಶನ್ನುಗಳು ನಿಂತವು, ಇವನು ಸಿನಿಮಾ ಹಾಡಿನ ಆರ್ಕೆಸ್ಟ್ರಾ ಸೇರಿದ, ಅಲ್ಲಿಂದ ಜಗಳವಾಡಿ ಇನ್ನೊಂದಕ್ಕೆ, ಅಲ್ಲಿಂದಲೂ ಜಗಳವಾಡಿ ಕೊನೆಗೆ ಮದುವೆ ಬ್ಯಾಂಡಿಗೆ, ಕೈಗಾಡಿಯ ಮೇಲೆ ಲೌಡ್‌ಸ್ಪೀಕರು, ಅದಕ್ಕೆ ಕಟ್ಟಿದ ವೈರು, ಎಮ್ಮೆಯ ಹಿಂದೆ ಹೋಗುವ ಕರುವಿನ ಹಾಗೆ ಅದರ ಹಿಂದೆ ಗಿಟಾರು ಹಿಡಿದು ನಡೆಯುವ ಇವನು. ಮೂವತ್ತೆರಡು ವರ್ಷಕ್ಕೆ ಎಲ್ಲಿಗೂ ಸಲ್ಲದವನಾಗಿ ಕೆಂಪು ಕೋಟಿನಲ್ಲಿ ಅಪ್ಪನ ಹೆಣದ ಮುಂದೆ ಕೂತಿದ್ದಾನೆ, ಇನ್ನೂ ಸೊರಾಬನನ್ನೇ ಬೈಯುತ್ತಿದ್ದಾನೆ.

ಅವ್ವ ಹತ್ತಿರ ಸರಿದಳು. ಅವಳ ಕೈ ಇವನ ಮೊಣಕಾಲ ಮೇಲೆ ಬಂತು, ಬಳೆ ಒಡೆದು ಆಗಿದೆ, ಮಣಿಕಟ್ಟು ಬೋಳು. ನೀನರ ಹಾಡು ಯಪ್ಪಾ, ನಿಮ್ಮಪ್ಪ ಆ ಪದ ಹಾಡಿ ಹತ್ತು ವರ್ಸ ಆಗ್ಯಾವ. ಏನಂದಿ? ಅಂದ ಇವನು. ಹೂಂ ಮತ್ತ, ಯಾರ್ ಸತ್ತರೂ ಹೋಗತಿದ್ರು, ಮೂಲ್ಯಾಗ ಕುಂತು ಬರೇ ದಮ್ಮಡಿ ಬಡೀತಿದ್ರು, ಪದ ಎತ್ತರಿ ಅಂದ್ರ ನನ್ನ ಗಂಟಲದಾಗ ಸಿಮೆಂಟ್ ಧೂಳ ಕುಂತದ, ದನಿ ಏಳಂಗಿಲ್ಲ, ಶಂಕ್ರೆಪ್ಪಗ ಹೇಳ್ರಿ ಅಂತಿದ್ರು, ಭಾಳ ಔಷಧಾ ಮಾಡಿದೆ, ಜೇಷ್ಠಮಧು ತಂದೆ, ಇಳೀಲೇ ಇಲ್ಲ ಅದು. ಶಂಕ್ರೆಪ್ಪನ ತಾಳ ನಿಂತಿತು. ಮನೆಯಲ್ಲಿ ಅವ್ವನೊಬ್ಬಳಿಗೆ ಗೊತ್ತಿಲ್ಲ. ಶಂಕ್ರೆಪ್ಪ ಈಗ ನೇರವಾಗಿ ಇವನನ್ನು ನೋಡಿದ, ಮೆಲ್ಲಗೆ, ಅವ್ವನಿಗೆ ಕೇಳದ ಹಾಗೆ ಅಂದ, ನಿಮ್ಮಪ್ಪ ಆಣಿ ಹಾಕಿಸಿಕೊಂಡಾನ, ಯಾರ ಮುಂದೂ ಹೇಳಬ್ಯಾಡ ಅಂತ, ಅದಕ್ಕ ಬಾಯಿ ಮುಚ್ಚಿಕೊಂಡೀನಿ, ನಾನೂ ಆವತ್ತು ಪರಾಂಚಿ ಮ್ಯಾಲೇ ಇದ್ದೆ. ಹತ್ತು ವರ್ಷ, ಎಂಬತ್ತೈದರಲ್ಲಿ ಹತ್ತು ಹೋದರೆ ಎಪ್ಪತ್ತೈದು, ಬೇಡ, ಎಣಿಸಬೇಡ, ಹಾರ್ಮೋನಿಯಂ ಕೇಳು, ಕೆಟ್ಟ ಸ್ವರ ಕೇಳು, ತಗಡು ನೋಡು — ಎಪ್ಪತ್ತೈದು, ಭಾನುವಾರ, ಬೆಳಿಗ್ಗೆ ಹನ್ನೊಂದು ದಾಟಿತ್ತು.

ಹೋಟೆಲಿಗೆ ಹೊಸ ಮಹಡಿ ಏರಿಸುತ್ತಿದ್ದರು, ಕಿಟಕಿಯ ಹೊರಗೆ ಬಿದಿರಿನ ಪರಾಂಚಿ, ನಿಂತು ಕೆಲಸ ಮಾಡುವ ಅಟ್ಟಣಿಗೆ, ಕಟ್ಟಿಕೊಂಡು ಗೌಂಡಿಗಳು ಗೋಡೆಗೆ ಗಿಲಾವು ಮಾಡುತ್ತಿದ್ದರು, ಅವರಲ್ಲಿ ಅಪ್ಪ ಇದ್ದಾನೆ ಅಂತ ಇವನಿಗೆ ಒಂದು ವಾರದಿಂದ ಗೊತ್ತಿತ್ತು, ಗೊತ್ತಿದ್ದೇ ಆಚೆಯ ಗೇಟಿನಿಂದ ಬಂದು ಹೋಗುತ್ತಿದ್ದ. ಆ ಹಾಡು ಬೇಡ ಅನ್ನಬಹುದಿತ್ತು ಆವತ್ತು. ಅನ್ನಲಿಲ್ಲ, ಕುಣಿಯುವವರು ಕೂಗಿ ಕೂಗಿ ಅದನ್ನೇ ಕೇಳುತ್ತಿದ್ದರು, ಅವರ ಕೂಗು ಹೆಂಡಕ್ಕಿಂತ ಹೆಚ್ಚು ಏರಿತ್ತು, ಹಾಡಿದ, ಏಳೋ ಅನ್ನುವ ಜಾಗದಲ್ಲಿ ದನಿ ಹಾರಿಸಿದ. ಕಿಟಕಿಯ ಗಾಜಿನಾಚೆ ಕರಣಿಗಳು ನಿಂತವು. ಆ ಪದ ಕಿವಿಗೆ ಬಿದ್ದರೆ ಕೆಲಸ ಬಿಡಬೇಕು, ರುಮಾಲು ತೆಗೆಯಬೇಕು, ಯಾರು ಹೋದರು ಅಂತ ವಿಚಾರಿಸಿ ಆ ಮನೆಗೆ ಹೋಗಬೇಕು, ಮಾತು ಇಂಗ್ಲಿಷಾದರೇನು, ಡ್ರಮ್ಮು ಬಿದ್ದರೇನು, ರಾಗ ಅದೇ, ಆ ರಾಗ ಬೇರೆ ಯಾತಕ್ಕೂ ಏಳುವುದಿಲ್ಲ ಅಂತಲೇ ಅವರು ನಂಬಿದ್ದು. ಏಳೆಂಟು ಜನ ಪರಾಂಚಿಯ ಮೇಲೆ ಬರಿತಲೆಯಲ್ಲಿ ನಿಂತಿದ್ದರು. ಒಬ್ಬ ಇಳಿದ. ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಂದ, ಮೇಣ ತಿಕ್ಕಿ ಹೊಳೆಯುತ್ತಿದ್ದ ಕೆಂಪು ನೆಲದ ಮೇಲೆ, ಕುಣಿಯುತ್ತಿದ್ದವರ ನಡುವೆ ದಾರಿ ಮಾಡಿಕೊಂಡು ಬಂದ, ಬರಿಗಾಲು, ಮೊಣಕಾಲ ತನಕ ಸಿಮೆಂಟು, ಎರಡೂ ಕೈಯಲ್ಲಿ ರುಮಾಲು ಹಿಡಿದು ಎದೆಗೆ ಒತ್ತಿಕೊಂಡು ಸ್ಟೇಜಿನ ಕೆಳಗೆ ನಿಂತ, ಮುಖ ಎತ್ತಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಇವನು ಹೇಗಾದರೂ ಬದುಕುತ್ತಿದ್ದ. ಗಾಬರಿ ಇತ್ತು, ಬರೀ ಗಾಬರಿ, ತನಗೆ ತಿಳಿಯದೆ ತನ್ನವರು ಯಾರೋ ಸತ್ತಿದ್ದಾರೆ, ಮಗ ಒಬ್ಬನೇ ಪದ ಎತ್ತುತ್ತಿದ್ದಾನೆ ಅನ್ನುವ ಗಾಬರಿ. ಯಾರು ಹ್ವಾದ್ರೋ ತಮ್ಮಾ? ಅಂದ. ಮೈಕಿನಲ್ಲಿ ಎಲ್ಲರಿಗೂ ಕೇಳಿತು. ಡ್ರಮ್ಮು ನಿಂತಿತು, ಯಾರೋ ಹುಡುಗಿ ಕಿಸಕ್ಕನೆ ನಕ್ಕಳು, ಹೋಟೆಲಿನ ಮ್ಯಾನೇಜರು ಓಡಿ ಬಂದ, ಕೌನ್ ಹೈ ಯೇ ಆದ್ಮಿ, ಬಾಬಿ, ತುಮ್ ಜಾನತೇ ಹೋ? ಸೊರಾಬನೂ ನೋಡಿದ. ಇವನು ಗಿಟಾರಿನ ಕಿವಿ ತಿರುವುತ್ತ, ತಲೆ ಎತ್ತದೆ, ನಹೀ, ಗೊತ್ತಿಲ್ಲ, ಯಾರೋ ಗೌಂಡಿ ಇರಬೇಕು, ಅಂದ, ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲೂ ಒಮ್ಮೆ ಅಂದ. ತೋಳು ಹಿಡಿದು ಹೊರಗೆ ಹಾಕಿದರು. ಅಪ್ಪ ಕೊಸರಾಡಲಿಲ್ಲ. ಒನ್ ಟೂ ಅಂತ ಎಣಿಸಿ ಇವನು ಹಾಡನ್ನು ಮತ್ತೆ ಮೊದಲಿನಿಂದ ಎತ್ತಿದ. ಸಂಜೆ ಮನೆಗೆ ಬಂದಾಗ ಅಪ್ಪ ರೊಟ್ಟಿ ತಿನ್ನುತ್ತಿದ್ದ, ಉಣ್ಣು ಬಾ ಅಂದ, ಅಷ್ಟೇ.

ಎತ್ತು ತಮ್ಮಾ, ಅಂದಳು ಅವ್ವ. ಹೊರಗೆ ವಿಮಾನಕ್ಕೆ ಹೆಗಲು ಕೊಡುವವರು ಟೊಂಕ ಕಟ್ಟಿ ನಿಂತಿದ್ದಾರೆ, ಶಂಕ್ರೆಪ್ಪ ಸೋತವನ ಹಾಗೆ ತಾಳ ಎತ್ತಿ ಹಿಡಿದಿದ್ದಾನೆ, ಹಾಡಿದರೂ ಈ ಮುದುಕ ಕ್ಷಮಿಸುವುದಿಲ್ಲ, ಹಾಡದಿದ್ದರೂ ಕ್ಷಮಿಸುವುದಿಲ್ಲ, ಕ್ಷಮಿಸಬೇಡ ಹೋಗು, ನಿನ್ನನ್ನು ಯಾರು ಕೇಳಿದರು, ಕೇಳಬೇಕಾದವನು ಕಂಬಕ್ಕೆ ಕಟ್ಟಿಸಿಕೊಂಡು ಕೂತಿದ್ದಾನೆ. ಹಾಡಬೇಕು. ಇದೊಂದನ್ನಾದರೂ ಹಾಡಬೇಕು, ಬೇರೆ ಏನನ್ನೂ ಅವನಿಗೆ ಕೊಡಲಿಲ್ಲ, ಹತ್ತು ವರ್ಷದ ಅವನ ದನಿಯನ್ನು ತಿಂದವನು ನಾನು, ಆ ಸಾಲು ಏಳದಿದ್ದರೆ ಅಪ್ಪ ಏಳುವುದಿಲ್ಲ. ಉಸಿರು ಎಳೆದುಕೊಂಡ, ಬಾಯಿ ತೆರೆದ. ಕಮ್ ಅಂತ ನಾಲಿಗೆಯ ತುದಿಗೆ ಬಂತು, ಹಲ್ಲು ಕಚ್ಚಿ ನುಂಗಿದ, ಪಾದ ತನ್ನಷ್ಟಕ್ಕೆ ತಾನೇ ಒನ್ ಟೂ ಅಂತ ನೆಲ ಕುಟ್ಟುತ್ತಿತ್ತು, ಕೈಯಿಂದ ಒತ್ತಿ ಹಿಡಿದ. ಕಟ್ಟಿದ ಮನಿ ಅನ್ನಬೇಕು, ಕಟ್ಟಿದ, ಅಷ್ಟು ಅಂದರೆ ಉಳಿದದ್ದು ತಾನಾಗಿ ಏಳುತ್ತದೆ, ಏಳು, ಏಳೋ — ಕಣ್ಣು ಮುಚ್ಚಿದರೆ ಕೆಂಪು ನೆಲ, ಕಣ್ಣು ತೆರೆದರೂ ಕೆಂಪು ನೆಲ, ಮೊದಲು ಆವತ್ತು ಅಪ್ಪ ಕೇಳಿದ್ದಕ್ಕೆ ಹೇಳು, ಆಮೇಲೆ ಹಾಡು. ಯಾರು ಹೋದರು? ಇಷ್ಟೇ ಕೇಳಿದ್ದು ಅವನು. ಅವ್ವನ ಕೈ ಮೊಣಕಾಲ ಮೇಲೆ ಇನ್ನೂ ಇದೆ, ತಾಳ ಗಾಳಿಯಲ್ಲಿ ಇದೆ, ತೆರೆದ ಬಾಯಿಯಿಂದ ಬರೀ ಗಾಳಿ ಬರುತ್ತಿದೆ, ಹೇಳು, ಯಾರು ಹೋದರು ಹೇಳು, ಒಂದು ಸಲ ಕೆಳಗೆ ನೋಡಿ ಹೇಳು, ಕೆಳಗೆ ಅಪ್ಪ, ಮೊಣಕಾಲ ತನಕ ಸಿಮೆಂಟು, ಎರಡೂ ಕೈಯಲ್ಲಿ ರುಮಾಲು, ಮುಖ ಮೇಲೆತ್ತಿಕೊಂಡು ನಿಂತಿದ್ದಾನೆ, ಹೊರಗೆ ಹಾಕಿದರಲ್ಲ, ಹಾಕಿದ್ದರು, ಇನ್ನೂ ನಿಂತಿದ್ದಾನೆ, ಕೆಂಪು ನೆಲ, ಎರಡೂ ಕೈಯಲ್ಲಿ ರುಮಾಲು, ನಿಂತಿದ್ದಾನೆ.